ಸೈಟು ಹೋದ ಮೇಲೆ ಕಾರ್ನಿಯಾ

ಕಣ್ಣಿನ ಕರಿಗುಡ್ಡೆಯ ಮೇಲೆ ಕೈಗಡಿಯಾರದ ಗಾಜಿನಂತೆ ಕೂತಿರುವ ಪಾರದರ್ಶಕ ಪದರವೇ ಕಾರ್ನಿಯಾ. ಅಗಲ ಸುಮಾರು ಹನ್ನೊಂದೂವರೆ ಮಿಲಿಮೀಟರ್. ನಡುಭಾಗದ ದಪ್ಪ ಅರ್ಧ ಮಿಲಿಮೀಟರಿಗಿಂತ ಕೂದಲೆಳೆಯಷ್ಟು ಹೆಚ್ಚು, ಸರಾಸರಿ 540 ಮೈಕ್ರಾನ್. ಭಾರತೀಯರಲ್ಲಿ ಇನ್ನೂ ತುಸು ಕಡಿಮೆ. ಅದರಲ್ಲಿ ರಕ್ತನಾಳಗಳಿಲ್ಲ. ಬೇಕಾದ ಆಮ್ಲಜನಕವನ್ನು ಬಹುಪಾಲು ಕಣ್ಣೀರಿನ ಮೂಲಕ ಗಾಳಿಯಿಂದಲೇ ಹೀರಿಕೊಳ್ಳುತ್ತದೆ. ಇಷ್ಟು ತೆಳುವಾಗಿದ್ದರೂ ಕಣ್ಣಿಗೆ ಬಿದ್ದ ಬೆಳಕನ್ನು ಬಾಗಿಸುವ ಕೆಲಸದಲ್ಲಿ ಮೂರರಲ್ಲಿ ಎರಡು ಪಾಲು ಇದರದೇ. ಇಡೀ ಕಣ್ಣಿನ ಶಕ್ತಿ ಸುಮಾರು 60 ಡಯಾಪ್ಟರ್ ಎಂದಿಟ್ಟುಕೊಂಡರೆ ಕಾರ್ನಿಯಾದ ಪಾಲು 43. ಉಳಿದದ್ದು ಒಳಗಿನ ಮಸೂರದ್ದು.

ಸಮೀಪದೃಷ್ಟಿ ದೋಷಕ್ಕೆ, ಆಡುಮಾತಿನಲ್ಲಿ ಹೇಳುವ ‘ಸೈಟಿ’ಗೆ, ಹೆಚ್ಚಿನವರಲ್ಲಿ ಕಾರಣ ಕಾರ್ನಿಯಾ ಅಲ್ಲ. ಕಣ್ಣುಗುಡ್ಡೆ ಹಿಂದಕ್ಕೆ ಉದ್ದವಾಗಿ ಬೆಳೆದಿರುತ್ತದೆ. ಸುಮಾರು 24 ಮಿಲಿಮೀಟರ್ ಇರಬೇಕಾದ ಉದ್ದ ಒಂದು ಮಿಲಿಮೀಟರ್ ಜಾಸ್ತಿಯಾದರೂ ಎರಡೂವರೆ ಮೂರು ಡಯಾಪ್ಟರಿನಷ್ಟು ‘ಮೈನಸ್’ ನಂಬರು ಬರುತ್ತದೆ. ದೂರದ ವಸ್ತುವಿನ ಬಿಂಬ ಅಕ್ಷಿಪಟಲದ ಮೇಲೆ ಬೀಳದೆ ಅದಕ್ಕೆ ಮುಂಚೆಯೇ ಕೂಡಿಕೊಳ್ಳುತ್ತದೆ. ಉದ್ದವಾದ ಗುಡ್ಡೆಯನ್ನು ಮೊಟಕು ಮಾಡುವ ವಿದ್ಯೆ ಯಾರ ಕೈಯಲ್ಲೂ ಇಲ್ಲ. ಹಾಗಾಗಿ ಶಸ್ತ್ರವೈದ್ಯ ಮುಂಬಾಗಿಲಿಗೆ ಬರುತ್ತಾನೆ: ಕಾರ್ನಿಯಾದ ಉಬ್ಬನ್ನು ಇಳಿಸಿ, ಅದರ ಬಾಗಿಸುವ ಶಕ್ತಿಯನ್ನು ಕಡಿಮೆ ಮಾಡಿ, ಬಿಂಬವನ್ನು ಹಿಂದಕ್ಕೆ ತಳ್ಳುತ್ತಾನೆ. ದೋಷ ಹಿಂದೆ, ರಿಪೇರಿ ಮುಂದೆ.

ಈ ವ್ಯವಹಾರವನ್ನು ಜನ ‘ನಂಬರ್ ತೆಗೆಸಿದರು’ ಎಂಬ ಮಾತಿನಲ್ಲಿ ಮುಗಿಸುತ್ತಾರೆ. ಆಸ್ಪತ್ರೆಗಳ ಜಾಹೀರಾತು ಕೂಡ ಅದೇ ಧಾಟಿಯಲ್ಲಿ, ಹಲ್ಲಿನ ಕಲೆ ತೆಗೆದಷ್ಟು ಸಲೀಸಾಗಿ, ಹತ್ತು ನಿಮಿಷದ ಮಾತಾಡುತ್ತದೆ. ಲೇಸರ್ ತೆಗೆಯುವುದು ಮಾತ್ರ ಅಂಗಾಂಶವನ್ನು. ಜೀವಂತ ಮೇಲ್ಮೈಯೊಂದಕ್ಕೆ ಹೊಸ ಆಕಾರ ಬರುತ್ತದೆ. ಆ ಮೇಲ್ಮೈ ಸುಮ್ಮನಿರದೆ ತನ್ನ ಕಡೆಯಿಂದಲೂ ಒಂದಷ್ಟು ಬದಲಾವಣೆ ಮಾಡಿಕೊಳ್ಳುತ್ತದೆ. ಆ ಆಕಾರದ ಫಲ ಜೀವಮಾನವಿಡೀ ಜೊತೆಗಿರುತ್ತದೆ. ಮರುದಿನ ಬೆಳಿಗ್ಗೆ ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೆ ಓದಿಸಿ ‘6/6’ ಎಂದು ಬರೆದುಕೊಡುವುದು ಈ ಶಸ್ತ್ರಚಿಕಿತ್ಸೆಯ ಯಶಸ್ಸಿಗೆ ಸಾಲದ ಅಳತೆ.

ಕಾರ್ನಿಯಾವನ್ನು ಚಪ್ಪಟೆ ಮಾಡುವ ಯತ್ನ ಲೇಸರಿಗಿಂತ ಹಳೆಯದು. 1930ರ ದಶಕದ ಹೊತ್ತಿಗೆ ಜಪಾನಿನ ತ್ಸುತೋಮು ಸಾತೊ ಕಾರ್ನಿಯಾದ ಒಳಮೈಯಿಂದ ಸೀಳುಗಳನ್ನು ಹಾಕಿ ನೋಡಿದ್ದರು. ನಂಬರು ಇಳಿಯಿತು. ಆದರೆ ಕಾರ್ನಿಯಾದೊಳಗಿನ ನೀರನ್ನು ಸದಾ ಹೊರಹಾಕುತ್ತ ಅದನ್ನು ತಿಳಿಯಾಗಿಡುವ ಒಳಗಿನ ಒಂಟಿ ಜೀವಕೋಶಪದರ, ಎಂಡೊಥೀಲಿಯಂ, ಈ ಸೀಳಿನಿಂದ ಹಾಳಾಗಿತ್ತು. ಮನುಷ್ಯನಲ್ಲಿ ಅದು ಮತ್ತೆ ಬೆಳೆಯುವುದಿಲ್ಲ ಎಂಬುದು ಆಗ ಗೊತ್ತಿರಲಿಲ್ಲ. ವರ್ಷಗಳು ಕಳೆದ ಮೇಲೆ ಆ ರೋಗಿಗಳಲ್ಲಿ ಅನೇಕರ ಕಾರ್ನಿಯಾ ನೀರು ತುಂಬಿ ಮಂಜಾಯಿತು. 1970ರ ದಶಕದಲ್ಲಿ ಮಾಸ್ಕೋದ ಸ್ವ್ಯಾತೊಸ್ಲಾವ್ ಫ್ಯೊದೊರೊವ್ ಹೊರಮೈಯಿಂದ ಚಕ್ರದ ಕಡ್ಡಿಗಳಂತೆ ಸೀಳು ಹಾಕುವ ರೇಡಿಯಲ್ ಕೆರಟಾಟಮಿಯನ್ನು ಜನಪ್ರಿಯಗೊಳಿಸಿದರು. ಅಂಚು ಸಡಿಲಗೊಂಡು ನಡುಭಾಗ ಚಪ್ಪಟೆಯಾಗುತ್ತಿತ್ತು. ತೊಂದರೆ ಏನೆಂದರೆ ಅದು ಚಪ್ಪಟೆಯಾಗುತ್ತಲೇ ಹೋಗುತ್ತಿತ್ತು. ಅಮೆರಿಕದಲ್ಲಿ ಹತ್ತು ವರ್ಷ ಬೆನ್ನುಹತ್ತಿ ನಡೆಸಿದ ಅಧ್ಯಯನದ ಫಲಿತಾಂಶ 1994ರಲ್ಲಿ ಬಂದಾಗ ಶೇ. 43ರಷ್ಟು ಕಣ್ಣುಗಳು ಒಂದು ಡಯಾಪ್ಟರ್ ಅಥವಾ ಹೆಚ್ಚು ‘ಪ್ಲಸ್’ ಕಡೆಗೆ ಜಾರಿದ್ದವು.

ಆ ಸೀಳುಗಳ ದೌರ್ಬಲ್ಯ ಜಗತ್ತಿಗೆ ಕಂಡದ್ದು ಒಂದು ವಿಚಿತ್ರ ಸ್ಥಳದಲ್ಲಿ. 1996ರ ಮೇ ತಿಂಗಳಲ್ಲಿ ಎವರೆಸ್ಟ್ ಹತ್ತುತ್ತಿದ್ದ ಅಮೆರಿಕದ ವೈದ್ಯ ಬೆಕ್ ವೆದರ್ಸ್ ಮೊದಲೇ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ಎತ್ತರದಲ್ಲಿ ಆಮ್ಲಜನಕ ಕಡಿಮೆಯಾದಾಗ ಕಾರ್ನಿಯಾ ಬಾತುಕೊಳ್ಳುತ್ತದೆ. ಸೀಳಿದ ಕಾರ್ನಿಯಾ ಸಮನಾಗಿ ಬಾಯುವ ಬದಲು ಅಂಚಿನಲ್ಲಿ ಹೆಚ್ಚು ಬಾತು ನಡುಭಾಗ ಇನ್ನಷ್ಟು ಚಪ್ಪಟೆಯಾಗುತ್ತದೆ. ಶಿಖರದ ದಾರಿಯಲ್ಲೇ ಅವರ ದೃಷ್ಟಿ ಕೈಕೊಟ್ಟಿತು. ಜೀವ ಉಳಿದದ್ದು ಪವಾಡ. ಹಿಮದಲ್ಲಿ ಬಲಗೈಯನ್ನೂ ಎಡಗೈ ಬೆರಳುಗಳನ್ನೂ ಕಳೆದುಕೊಂಡರು.

ಇನ್ನೊಂದು ದಾರಿ ಕಾರ್ನಿಯಾದ ದ್ರವ್ಯವನ್ನೇ ಹೆರೆದು ತೆಗೆಯುವುದು. 1949ರ ಸುಮಾರಿಗೆ ಹೊಸೆ ಬರಾಕೆರ್ ಕಾರ್ನಿಯಾದ ಮೇಲ್ಪದರವನ್ನು ಬಿಲ್ಲೆಯಂತೆ ಕತ್ತರಿಸಿ, ಹೆಪ್ಪುಗಟ್ಟಿಸಿ, ಲೇತ್ ಮೇಲೆ ಕಡೆದು, ಮತ್ತೆ ಕಣ್ಣಿಗೆ ಹೊಲಿಯುವ ವಿಧಾನವನ್ನು ರೂಪಿಸತೊಡಗಿದರು. ಇಂದಿನ ಲೇಸಿಕ್ ಎಂಬ ಲೇಸರ್ ವಿಧಾನದ ಮೂಲ ಕಲ್ಪನೆ ಅದೇ: ನಡುವಿನಲ್ಲಿ ದ್ರವ್ಯ ಕಡಿಮೆ ಮಾಡಿದರೆ ಮೇಲ್ಮೈ ಚಪ್ಪಟೆಯಾಗುತ್ತದೆ. ಬರಾಕೆರ್ ಹತ್ತಿರ ಇಲ್ಲದಿದ್ದದ್ದು ಸರಿಯಾದ ಉಳಿ.

ಆ ಉಳಿ ಸಿಕ್ಕಿದ್ದು ಭೌತ, ರಸಾಯನ ವಿಜ್ಞಾನಿಗಳಿಗೆ. ಮದರಾಸಿನಲ್ಲಿ ಓದಿ ಅಮೆರಿಕಕ್ಕೆ ಹೋದ ರಂಗಸ್ವಾಮಿ ಶ್ರೀನಿವಾಸನ್ ಐಬಿಎಂ ಕಂಪನಿಯ ಪ್ರಯೋಗಾಲಯದಲ್ಲಿ ಜೇಮ್ಸ್ ವಿನ್ ಮತ್ತು ಸ್ಯಾಮ್ಯುಯೆಲ್ ಬ್ಲಮ್ ಜೊತೆ ಎಕ್ಸೈಮರ್ ಲೇಸರಿನ ಮೇಲೆ ಕೆಲಸ ಮಾಡುತ್ತಿದ್ದರು. 193 ನ್ಯಾನೊಮೀಟರ್ ತರಂಗದ ಈ ನೇರಳಾತೀತ ಬೆಳಕು ಪ್ಲಾಸ್ಟಿಕ್ ಹಾಳೆಯಲ್ಲಿ ಸುಟ್ಟ ಗುರುತಿಲ್ಲದ ಕಂಡಿ ಕೊರೆಯುತ್ತಿತ್ತು. 1981ರ ನವೆಂಬರಿನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ, ಮನೆಯೂಟದಲ್ಲಿ ಮಿಕ್ಕ ಟರ್ಕಿ ಕೋಳಿಯ ತುಂಡನ್ನು ಶ್ರೀನಿವಾಸನ್ ಪ್ರಯೋಗಾಲಯಕ್ಕೆ ತಂದರು. ಲೇಸರ್ ಅದರ ಮೃದ್ವಸ್ಥಿಯಲ್ಲೂ ಅಷ್ಟೇ ಚೊಕ್ಕ ಕಂಡಿ ಮಾಡಿತು. ಅಕ್ಕಪಕ್ಕದ ಅಂಗಾಂಶ ಕರಕಲಾಗಲಿಲ್ಲ. ಕಾರಣ ಇಷ್ಟೆ: ಈ ಬೆಳಕಿನ ಒಂದೊಂದು ಕಣದಲ್ಲೂ ಅಣುಗಳ ಬಂಧವನ್ನು ನೇರವಾಗಿ ಮುರಿಯುವಷ್ಟು ಶಕ್ತಿಯಿದೆ. ಬಿಸಿ ಪಕ್ಕಕ್ಕೆ ಹರಡುವ ಮೊದಲೇ ತುಣುಕುಗಳು ಹಾರಿಹೋಗುತ್ತವೆ. ಕಣ್ಣಿನ ವೈದ್ಯ ಸ್ಟೀಫನ್ ಟ್ರೋಕೆಲ್ ಅವರ ಜೊತೆ ಸೇರಿ ಶ್ರೀನಿವಾಸನ್ 1983ರಲ್ಲಿ ದನದ ಕಣ್ಣುಗಳ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಐಬಿಎಂನ ಆ ಮೂವರಿಗೆ 2013ರಲ್ಲಿ ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮ ತಂತ್ರಜ್ಞಾನದ ರಾಷ್ಟ್ರೀಯ ಪದಕ ತೊಡಿಸಿದರು.

ಒಂದು ಲೇಸರ್ ಮಿಡಿತ ತೆಗೆಯುವುದು ಮೈಕ್ರಾನಿನ ಕಾಲು ಭಾಗದಷ್ಟನ್ನು. ಒಂದು ಕೂದಲಿನ ದಪ್ಪ ಸವೆಸಬೇಕಾದರೆ ಅದೇ ಜಾಗಕ್ಕೆ ಸುಮಾರು ಮುನ್ನೂರು ಮಿಡಿತ ಬೇಕು. ಮೇಜಿನ ಮೇಲೆ ಮಲಗಿದವರಿಗೆ ಕೇಳಿಸುವುದು ಟಕಟಕ ಸದ್ದು, ಮೂಗಿಗೆ ಹತ್ತುವುದು ಕೂದಲು ಸುಟ್ಟಂಥ ವಾಸನೆ. ಎಷ್ಟು ಆಳಕ್ಕೆ ತೆಗೆಯಬೇಕು ಎಂಬ ಲೆಕ್ಕವನ್ನು ಚಾರ್ಲ್ಸ್ ಮನರ್ಲಿನ್ 1988ರಲ್ಲಿ ಸರಳ ಸೂತ್ರವಾಗಿ ಕೊಟ್ಟರು. ತಿದ್ದುವ ವೃತ್ತದ ಅಗಲವನ್ನು ಮಿಲಿಮೀಟರಿನಲ್ಲಿ ಹಿಡಿದು ವರ್ಗ ಮಾಡಿ, ಮೂರರಿಂದ ಭಾಗಿಸಿ, ನಂಬರಿನಿಂದ ಗುಣಿಸಿದರೆ ನಡುಭಾಗದ ಆಳ ಮೈಕ್ರಾನಿನಲ್ಲಿ ಬರುತ್ತದೆ. ಆರು ಮಿಲಿಮೀಟರ್ ವೃತ್ತಕ್ಕೆ ಪ್ರತಿ ಡಯಾಪ್ಟರಿಗೆ 12 ಮೈಕ್ರಾನ್. ಮೈನಸ್ ಐದಕ್ಕೆ 60. ಇಷ್ಟು ಹೋದ ಮೇಲೆ ಮೊದಲು 7.8 ಮಿಲಿಮೀಟರ್ ಇದ್ದ ಮುಂಭಾಗದ ವಕ್ರತೆಯ ತ್ರಿಜ್ಯ ಸುಮಾರು 8.7ಕ್ಕೆ ಏರುತ್ತದೆ. ಒಂದು ಮಿಲಿಮೀಟರೂ ಪೂರ್ತಿ ಇಲ್ಲದ ಈ ವ್ಯತ್ಯಾಸಕ್ಕೇ ಕನ್ನಡಕ ಕಪಾಟು ಸೇರುತ್ತದೆ.

ಈ ಸೂತ್ರದೊಳಗೆ ಒಂದು ಕಟ್ಟುನಿಟ್ಟಿನ ಚೌಕಾಶಿ ಅಡಗಿದೆ. ಆಳ ಹೆಚ್ಚುವುದು ಅಗಲದ ವರ್ಗದ ಲೆಕ್ಕದಲ್ಲಿ. ನಾಲ್ಕು ಮಿಲಿಮೀಟರ್ ವೃತ್ತ ಸಾಕೆಂದರೆ ಒಂದು ಡಯಾಪ್ಟರಿಗೆ ಸುಮಾರು ಐದೂಕಾಲು ಮೈಕ್ರಾನಿನಲ್ಲಿ ಮುಗಿಯುತ್ತದೆ, ಕಾರ್ನಿಯಾ ದಪ್ಪಗೇ ಉಳಿಯುತ್ತದೆ. ಆದರೆ ಕತ್ತಲಲ್ಲಿ ಕಣ್ಣಿನ ಪಾಪೆ ಆರು, ಏಳು ಮಿಲಿಮೀಟರಿಗೆ ಅರಳುತ್ತದೆ. ಆಗ ತಿದ್ದಿದ ವೃತ್ತದ ಹೊರಗಿನ ಬೆಳಕೂ ಒಳನುಗ್ಗಿ, ತಿದ್ದಿದ ಬಿಂಬದ ಸುತ್ತ ತಿದ್ದದ ಬಿಂಬವೊಂದು ಹರಡಿಕೊಳ್ಳುತ್ತದೆ. ಮೊದಮೊದಲ ಯಂತ್ರಗಳು ನಾಲ್ಕೈದು ಮಿಲಿಮೀಟರಿನಲ್ಲೇ ನಿಲ್ಲುತ್ತಿದ್ದವು. ಆ ಕಾಲದವರು ರಾತ್ರಿ ಎದುರು ಬರುವ ಲಾರಿಯ ದೀಪದ ಸುತ್ತ ಬಳೆ ಕಾಣುತ್ತದೆ ಎಂದು ದೂರಿದ್ದು ಸುಮ್ಮನೆ ಅಲ್ಲ. ಈಗಿನ ಯಂತ್ರಗಳು ಆರು, ಆರೂವರೆ ಮಿಲಿಮೀಟರ್ ಅಗಲಕ್ಕೆ ತಿದ್ದಿ, ಅಂಚಿನಲ್ಲಿ ಇಳಿಜಾರು ಕೊಡುತ್ತವೆ. ಅದಕ್ಕೆ ತೆರುವ ಬೆಲೆ ದಪ್ಪದ ರೂಪದಲ್ಲಿ.

ಆಕಾರದ ಬದಲಾವಣೆ ನಂಬರಿಗಿಂತ ಸೂಕ್ಷ್ಮವಾದ ಸಂಗತಿ. ಹುಟ್ಟಿನಿಂದ ಬಂದ ಕಾರ್ನಿಯಾ ಗೋಳದ ತುಂಡಲ್ಲ. ಮೊಟ್ಟೆಯ ಚೂಪು ತುದಿಯಂತೆ ನಡುವೆ ಹೆಚ್ಚು ಬಾಗಿ ಅಂಚಿನತ್ತ ನಿಧಾನವಾಗಿ ಚಪ್ಪಟೆಯಾಗುತ್ತ ಹೋಗುತ್ತದೆ. ಅಂಚಿನಿಂದ ಬರುವ ಕಿರಣಗಳು ಅತಿಯಾಗಿ ಬಾಗದಂತೆ ಈ ಆಕಾರ ನೋಡಿಕೊಳ್ಳುತ್ತದೆ. ಸಮೀಪದೃಷ್ಟಿಗೆ ಲೇಸರ್ ಮಾಡಿಸಿದ ಕಾರ್ನಿಯಾದಲ್ಲಿ ಇದು ತಿರುವುಮುರುವಾಗುತ್ತದೆ: ನಡುಭಾಗ ಚಪ್ಪಟೆ, ಸುತ್ತ ಕಡಿದಾದ ತಿರುವು, ಇಡ್ಲಿಯ ಬೆನ್ನಿನಂತೆ. ಫಲವಾಗಿ ಗೋಳೀಯ ವಿಪಥನ ಹೆಚ್ಚುತ್ತದೆ. ಅಂದರೆ ಅಂಚಿನ ಕಿರಣಗಳು ಒಂದು ಕಡೆ, ನಡುವಿನ ಕಿರಣಗಳು ಇನ್ನೊಂದು ಕಡೆ ಕೂಡುತ್ತವೆ. ನಂಬರು ಎಷ್ಟು ದೊಡ್ಡದೋ ಈ ತಿರುವು ಅಷ್ಟು ಜೋರು. ಅದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. ಗುಮ್ಮಟದ ನೆತ್ತಿಯ ಮೇಲೆ ನೆಟ್ಟಗೆ ಬೀಳುವ ಲೇಸರ್ ಅಂಚಿಗೆ ಹೋದಂತೆ ಓರೆಯಾಗಿ ಬೀಳುತ್ತದೆ. ಸಂಜೆಯ ಬಿಸಿಲಿನಂತೆ ಅದರ ಕಸುವು ಹರಡಿಹೋಗಿ, ಲೆಕ್ಕ ಹಾಕಿದ್ದಕ್ಕಿಂತ ಕಡಿಮೆ ಅಂಗಾಂಶ ಸವೆಯುತ್ತದೆ. ಹೊಸ ಯಂತ್ರಗಳ ತಂತ್ರಾಂಶ ಈ ನಷ್ಟವನ್ನು ಮುಂಚಿತವಾಗಿ ಎಣಿಸಿ ಅಂಚಿಗೆ ಹೆಚ್ಚು ಮಿಡಿತ ಹಾಕುತ್ತದೆ. ಇದರಿಂದ ಇಡ್ಲಿಯ ಆಕಾರ ಸೌಮ್ಯವಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ಇದನ್ನು ಕಣ್ಣಾರೆ ನೋಡಲು ಟೊಪೊಗ್ರಫಿ ನಕ್ಷೆ ಸಾಕು. 1880ರ ಸುಮಾರಿಗೆ ಪೋರ್ಚುಗಲ್‌ನ ಆಂಟೊನಿಯೊ ಪ್ಲಾಸಿಡೊ ಕಪ್ಪುಬಿಳಿ ವರ್ತುಲಗಳ ಫಲಕವೊಂದನ್ನು ಕಣ್ಣಿನ ಮುಂದೆ ಹಿಡಿದು ಕಾರ್ನಿಯಾದ ಮೇಲೆ ಅವುಗಳ ಪ್ರತಿಬಿಂಬ ನೋಡುತ್ತಿದ್ದರು. ವರ್ತುಲ ಸೊಟ್ಟಗಿದ್ದರೆ ಮೇಲ್ಮೈಯೂ ಸೊಟ್ಟ. ಇಂದಿನ ಯಂತ್ರಗಳು ಅದೇ ಉಪಾಯವನ್ನು ಗಣಕಕ್ಕೆ ಕೊಟ್ಟಿವೆ. ಕೆಲವು ಕಾರ್ನಿಯಾದ ಹಿಂಬದಿಯನ್ನೂ ಸೀಳುನೋಟದಲ್ಲಿ ಚಿತ್ರಿಸುತ್ತವೆ. ನಕ್ಷೆಯಲ್ಲಿ ಕಡಿದಾದ ಭಾಗ ಕೆಂಪು, ಚಪ್ಪಟೆ ಭಾಗ ನೀಲಿ. ಲೇಸರಿಗೆ ಮುಂಚೆ ನಡುವೆ ಹಸಿರು-ಹಳದಿ, ಅಂಚಿಗೆ ತಂಪು ಬಣ್ಣ. ಆಮೇಲೆ ನಟ್ಟನಡುವೆ ದುಂಡನೆಯ ನೀಲಿ ಕೊಳ, ಅದರ ಸುತ್ತ ಕಿತ್ತಳೆ ಬಣ್ಣದ ಏರಿ. ಕೊಳ ಪಾಪೆಯ ಎದುರಿಗೆ ಸರಿಯಾಗಿ ಕೂತಿರಬೇಕು. ಒಂದು ಪಕ್ಕಕ್ಕೆ ಸರಿದಿದ್ದರೆ ಹಗಲಿನಲ್ಲಿ 6/6 ಓದುವವರಿಗೂ ರಾತ್ರಿ ಬೀದಿದೀಪಕ್ಕೆ ಬಾಲ ಬೆಳೆದಂತೆ ಕಾಣುತ್ತದೆ.

ಗೋಡೆಯ ಫಲಕ ಇಂಥದನ್ನೆಲ್ಲ ಹಿಡಿಯುವುದಿಲ್ಲ. ಅದು ಬೆಳಕಿನ ಕೋಣೆಯಲ್ಲಿ, ಬಿಳಿಯ ಮೇಲೆ ಕಡುಕಪ್ಪು ಅಕ್ಷರ ಓದಿಸುವ ಪರೀಕ್ಷೆ. ಹರ್ಮನ್ ಸ್ನೆಲೆನ್ 1862ರಲ್ಲಿ ಮಾಡಿದ್ದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇತರ ಸಂಸ್ಥೆಗಳ ಜೊತೆ ನಡೆಸಿದ ಅಧ್ಯಯನದಲ್ಲಿ, ಮೊದಲು ಯಾವ ದೃಷ್ಟಿ ತೊಂದರೆಯೂ ಇಲ್ಲದಿದ್ದವರಲ್ಲಿ ಶೇ. 46ರವರೆಗಿನ ಜನ ಲೇಸಿಕ್ ಆದ ಮೂರು ತಿಂಗಳಿಗೆ ಪ್ರಭೆ, ಕೋರೈಸುವಿಕೆ ಮುಂತಾದ ಒಂದಾದರೂ ಹೊಸ ಲಕ್ಷಣ ಹೇಳಿದರು. ಅದೇ ಅಧ್ಯಯನದಲ್ಲಿ ಹೆಚ್ಚಿನವರು ತೃಪ್ತರೂ ಆಗಿದ್ದರು. ದಿನನಿತ್ಯದ ಕೆಲಸಕ್ಕೆ ತೀವ್ರ ಅಡಚಣೆಯಾದವರು ಶೇ. 1ಕ್ಕಿಂತ ಕಡಿಮೆ. ಎರಡೂ ಸಂಖ್ಯೆಗಳನ್ನು ಒಟ್ಟಿಗೆ ಹೇಳಬೇಕು. ಆಸ್ಪತ್ರೆಯವರು ಎರಡನೆಯದನ್ನಷ್ಟೇ ಹೇಳುತ್ತಾರೆ, ಹೆದರಿಸುವವರು ಮೊದಲನೆಯದನ್ನಷ್ಟೇ.

ಸೂತ್ರದ ಪ್ರಕಾರ ಹೆರೆದರೆ ಆಕಾರ ಸೂತ್ರದ ಪ್ರಕಾರ ಬರಬೇಕು, ಹಾಗೆ ಬರುವುದಿಲ್ಲ. 2000ದಲ್ಲಿ ಅಮೆರಿಕದ ಸಿಂಥಿಯಾ ರಾಬರ್ಟ್ಸ್ ಬರೆದ ಲೇಖನದ ಶೀರ್ಷಿಕೆಯೇ ಕಾರ್ನಿಯಾ ಪ್ಲಾಸ್ಟಿಕ್ ತುಂಡಲ್ಲ ಎನ್ನುತ್ತದೆ. ಕಾರ್ನಿಯಾದ ಹತ್ತರಲ್ಲಿ ಒಂಬತ್ತು ಪಾಲು ದಪ್ಪ ಸ್ಟ್ರೋಮಾ ಎಂಬ ಪದರದ್ದು; ಅದರಲ್ಲಿ ಕೊಲ್ಯಾಜೆನ್ ಎಳೆಗಳ ನೂರಾರು ಹಾಳೆಗಳು ಒಂದರ ಮೇಲೊಂದು, ಅಂಚಿನಿಂದ ಅಂಚಿಗೆ, ಬಿಗಿದು ನಿಂತಿರುತ್ತವೆ. ಎಳೆದು ಕಟ್ಟಿದ ರಬ್ಬರ್ ಬ್ಯಾಂಡುಗಳ ಸಾಲು, ನಡುನಡುವೆ ಸ್ಪಂಜು ಎಂದುಕೊಳ್ಳಬಹುದು. ಲೇಸರ್ ನಡುವಿನಲ್ಲಿ ಮೇಲಿನ ಬ್ಯಾಂಡುಗಳನ್ನು ಕಡಿಯುತ್ತದೆ. ಅಂಚಿನಲ್ಲಿ ಉಳಿದ ತುಂಡುಗಳು ಸಡಿಲಗೊಂಡು, ಅಲ್ಲಿನ ಸ್ಪಂಜು ಉಬ್ಬಿ, ಅಂಚು ದಪ್ಪವಾಗುತ್ತದೆ. ಆ ಎಳೆತಕ್ಕೆ ನಡುಭಾಗ ಲೆಕ್ಕಕ್ಕಿಂತ ತುಸು ಹೆಚ್ಚೇ ಚಪ್ಪಟೆಯಾಗುತ್ತದೆ. ಲೇಸರ್ ಮುಟ್ಟದ ಜಾಗವೂ ಹೀಗೆ ರೂಪ ಬದಲಿಸುತ್ತದೆ. ಬರೀ ಜ್ಯಾಮಿತಿಯಿಂದ ಈ ಶಸ್ತ್ರಚಿಕಿತ್ಸೆಯನ್ನು ವಿವರಿಸುವವರು ಮರೆಯುವುದು ಇದನ್ನೇ.

ಇದಕ್ಕೆ ಪ್ರತಿಯಾಗಿ ದುಡಿಯುವುದು ಮೇಲಿನ ಹೊದಿಕೆ, ಎಪಿತೀಲಿಯಂ. ಐದಾರು ಸಾಲು ಜೀವಕೋಶಗಳ, ಸುಮಾರು 50 ಮೈಕ್ರಾನ್ ದಪ್ಪದ ಈ ಪದರ ವಾರ ಹತ್ತು ದಿನಕ್ಕೊಮ್ಮೆ ಪೂರ್ತಿ ಹೊಸದಾಗುತ್ತದೆ. ಕಾರ್ನಿಯಾದ ಅಂಚಿನ ಆಕರಕೋಶಗಳಿಂದ ಹೊಸ ಕೋಶಗಳು ನಡುವಿನತ್ತ ಸರಿಯುತ್ತಿರುತ್ತವೆ. ಇದರ ಸ್ವಭಾವ ನೆಲ ಸಾರಿಸುವ ಹೆಂಗಸಿನದು: ತಗ್ಗು ಕಂಡಲ್ಲಿ ದಪ್ಪ ಬಳಿಯುತ್ತದೆ, ದಿಣ್ಣೆ ಕಂಡಲ್ಲಿ ತೆಳ್ಳಗೆ. ರೆಪ್ಪೆ ದಿನಕ್ಕೆ ಸಾವಿರಾರು ಸಲ ಮೇಲೆ ಉಜ್ಜಿ ಹೋಗುವುದೂ ಈ ಸಮತಟ್ಟಿಗೆ ನೆರವಾಗುತ್ತದೆ ಎಂದು ತಜ್ಞರು ಊಹಿಸುತ್ತಾರೆ. ಲೇಸರ್ ಮಾಡಿದ ನೀಲಿ ಕೊಳ ಎಪಿತೀಲಿಯಂ ಕಣ್ಣಿಗೆ ಒಂದು ತಗ್ಗು. ವಾರಗಳು ಕಳೆದಂತೆ ನಡುಭಾಗದಲ್ಲಿ ಕೆಲವು ಮೈಕ್ರಾನ್ ದಪ್ಪವಾಗಿ ತಗ್ಗನ್ನು ತುಸು ತುಂಬುತ್ತದೆ. ಡಯಾಪ್ಟರಿಗೆ 12 ಮೈಕ್ರಾನ್ ಎಂಬ ಲೆಕ್ಕದಲ್ಲಿ ಆರೇಳು ಮೈಕ್ರಾನ್ ಕೂಡ ಸಣ್ಣ ಮೊತ್ತವಲ್ಲ. ಆಪರೇಷನ್ ಆಗಿ ಕೆಲವು ತಿಂಗಳಿಗೆ ಅರ್ಧ ನಂಬರು ಮರಳಿ ಬಂದಿದೆ ಎನ್ನುವವರಲ್ಲಿ ಇದರ ಪಾತ್ರ ದೊಡ್ಡದು. ಚಿಕ್ಕ ವಯಸ್ಸಿನಲ್ಲೇ ಮಾಡಿಸಿಕೊಂಡಿದ್ದರೆ ಕಣ್ಣುಗುಡ್ಡೆ ಇನ್ನೂ ಬೆಳೆಯುತ್ತಿರುವುದೂ ಕಾರಣವಿರಬಹುದು. ಅದಕ್ಕೇ ಹದಿನೆಂಟು ತುಂಬಿ, ವರ್ಷವಾದರೂ ನಂಬರು ಬದಲಾಗದೆ ನಿಂತಿರಬೇಕು ಎಂಬ ನಿಯಮ.

ಎಪಿತೀಲಿಯಂ ತುಂಬಿಕೊಡುವುದು ದಪ್ಪವನ್ನಷ್ಟೇ, ಬಲವನ್ನಲ್ಲ. ಸ್ಟ್ರೋಮಾ ಒಮ್ಮೆ ಹೋದರೆ ಹೋಯಿತು.

ಆ ಸ್ಟ್ರೋಮಾ ಪದರವನ್ನು ಹೇಗೆ ತಲುಪುತ್ತಾರೆ ಎಂಬುದರ ಮೇಲೆ ಮುಂದಿನ ಕಥೆ ನಿಂತಿದೆ. ಪಿಆರ್‌ಕೆ ಎಂಬ ಮೊದಲ ವಿಧಾನದಲ್ಲಿ ಎಪಿತೀಲಿಯಂ ಕೆರೆದು ತೆಗೆದು ನೇರ ಮೇಲ್ಮೈಗೆ ಲೇಸರ್ ಹಾಯಿಸುತ್ತಾರೆ. ಅಮೆರಿಕದಲ್ಲಿ ಅದಕ್ಕೆ 1995ರಲ್ಲಿ ಅನುಮತಿ ಸಿಕ್ಕಿತು. ಮೂರು ನಾಲ್ಕು ದಿನ ಖಾರ ಬಿದ್ದಂಥ ಉರಿ. ದೊಡ್ಡ ನಂಬರಿನವರಲ್ಲಿ ಗಾಯ ಮಾಯುವ ಭರದಲ್ಲಿ ಸ್ಟ್ರೋಮಾದ ಕೋಶಗಳು ರೂಪಾಂತರ ಹೊಂದಿ ಮಸುಕು ಕಟ್ಟುವುದುಂಟು. ಅದನ್ನು ತಡೆಯಲು ಮೈಟೊಮೈಸಿನ್ ಎಂಬ ಔಷಧಿಯನ್ನು ಶೇ. 0.02ರ ಸಾಂದ್ರತೆಯಲ್ಲಿ ಕೆಲವು ಕ್ಷಣ ಇಟ್ಟು ತೊಳೆಯುತ್ತಾರೆ. ಲೇಸಿಕ್ ಈ ಉರಿಯನ್ನು ತಪ್ಪಿಸಿತು. ಗ್ರೀಸಿನ ಇಯಾನಿಸ್ ಪಲ್ಲಿಕಾರಿಸ್ 1990ರ ಹೊತ್ತಿಗೆ ಬಳಕೆಗೆ ತಂದ ಈ ವಿಧಾನದಲ್ಲಿ ಸುಮಾರು ನೂರು, ನೂರಿಪ್ಪತ್ತು ಮೈಕ್ರಾನ್ ದಪ್ಪದ ಫ್ಲ್ಯಾಪ್ ಒಂದನ್ನು ಪುಸ್ತಕದ ಹಾಳೆಯಂತೆ ಮಗುಚಿ, ಕೆಳಗೆ ಲೇಸರ್ ಹಾಯಿಸಿ, ಮತ್ತೆ ಮುಚ್ಚುತ್ತಾರೆ. ಮರುದಿನವೇ ನೋಟ ತಿಳಿ. ಆ ತಿಳಿನೋಟದ ಬೆಲೆಯೂ ಫ್ಲ್ಯಾಪಿನಲ್ಲೇ ಇದೆ. ದಾನದ ಕಣ್ಣುಗಳನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಫ್ಲ್ಯಾಪಿನ ಅಂಚು ಮೂಲ ಬಲದ ಶೇ. 28ರಷ್ಟಕ್ಕೆ ಮಾತ್ರ ಬೆಸೆದುಕೊಳ್ಳುತ್ತದೆ, ನಡುಭಾಗ ಬರೀ ಶೇ. 2.4ರಷ್ಟಕ್ಕೆ. ಮುಚ್ಚಳ ಕೂತಿರುತ್ತದೆ, ಕೂಡಿಕೊಂಡಿರುವುದಿಲ್ಲ. ಕುಸ್ತಿ, ಬಾಕ್ಸಿಂಗ್ ಆಡುವವರಿಗೆ ವೈದ್ಯರು ಪಿಆರ್‌ಕೆಯನ್ನೇ ಸೂಚಿಸುವುದು ಇದಕ್ಕಾಗಿ. 2008ರ ಸುಮಾರಿಗೆ ಜರ್ಮನಿಯಿಂದ ಬಂದ ಸ್ಮೈಲ್ ವಿಧಾನದಲ್ಲಿ ಫ್ಲ್ಯಾಪ್ ಇಲ್ಲ: ಫೆಮ್ಟೊಸೆಕೆಂಡ್ ಲೇಸರ್ ಸ್ಟ್ರೋಮಾದ ಒಳಗೇ ಮಸೂರದಾಕಾರದ ಬಿಲ್ಲೆ ಕೊರೆಯುತ್ತದೆ, ಎರಡರಿಂದ ನಾಲ್ಕು ಮಿಲಿಮೀಟರ್ ಕಂಡಿಯಿಂದ ಅದನ್ನು ಹೊರಗೆಳೆಯುತ್ತಾರೆ.

ಕಾರ್ನಿಯಾದ ನರಗಳು ಅಂಚಿನಿಂದ ಒಳಬಂದು ಮೇಲ್ಪದರಗಳಲ್ಲಿ ಹರಡುತ್ತವೆ. ಫ್ಲ್ಯಾಪ್ ಕತ್ತರಿಸುವಾಗ ಮಡಿಕೆ ಉಳಿಸಿದ ಕಡೆಯವನ್ನು ಬಿಟ್ಟು ಉಳಿದವು ತುಂಡಾಗುತ್ತವೆ. ಕಣ್ಣು ಒಣಗಿದೆ ಎಂದು ಮಿದುಳಿಗೆ ಸುದ್ದಿ ಮುಟ್ಟಿಸುವ ತಂತಿಗಳೇ ಇವು; ತಂತಿ ಕಡಿದರೆ ಕಣ್ಣೀರೂ ಕಡಿಮೆ, ರೆಪ್ಪೆ ಮಿಟುಕುವುದೂ ಕಡಿಮೆ. ನರಗಳು ಆರು ತಿಂಗಳಿಂದ ವರ್ಷದೊಳಗೆ ಬಹುಮಟ್ಟಿಗೆ ಬೆಳೆದುಕೊಳ್ಳುತ್ತವೆ, ಕೆಲವರಲ್ಲಿ ಇನ್ನೂ ತಡ. ಬೆಳಕು ಮೊದಲು ಮುಟ್ಟುವ ಮೇಲ್ಮೈ ಕಾರ್ನಿಯಾದ ಮೇಲಿನ ಕಣ್ಣೀರಿನ ಪದರ. ಅದು ಹರಿದುಹೋದ ಕ್ಷಣ ಎಷ್ಟೇ ನಯವಾಗಿ ಕೆತ್ತಿದ ಆಕಾರವೂ ಉಬ್ಬುತಗ್ಗಿನ ಗಾಜಿನಂತಾಗುತ್ತದೆ. ಕಂಪ್ಯೂಟರಿನ ಮುಂದೆ ಎವೆಯಿಕ್ಕದೆ ಕೂರುವವರಿಗೆ ಸಂಜೆಯ ಹೊತ್ತು ಅಕ್ಷರ ಮಂಜಾಗಿ, ನಾಲ್ಕು ಸಲ ಕಣ್ಣು ಮಿಟುಕಿಸಿದರೆ ತಿಳಿಯಾಗುವುದು ಇದರಿಂದ.

ಎಲ್ಲಕ್ಕಿಂತ ಗಂಭೀರವಾದದ್ದು ಎಕ್ಟೇಸಿಯಾ: ತೆಳುವಾದ ಕಾರ್ನಿಯಾ ಕಣ್ಣಿನೊಳಗಿನ ಒತ್ತಡಕ್ಕೆ ಸೋತು ಮುಂದಕ್ಕೆ ಉಬ್ಬುವುದು. ಜರ್ಮನಿಯ ಥಿಯೊ ಸೈಲರ್ 1998ರಲ್ಲಿ ಲೇಸಿಕ್ ನಂತರದ ಇಂಥ ಪ್ರಕರಣಗಳನ್ನು ವರದಿ ಮಾಡಿದರು. ನಕ್ಷೆಯಲ್ಲಿ ನೀಲಿ ಕೊಳದ ಕೆಳಗೆ ಕೆಂಪು ಕಲೆಯೊಂದು ಮೂಡಿ ದೊಡ್ಡದಾಗುತ್ತ ಹೋಗುತ್ತದೆ. ಇದು ಶೇ. 1ಕ್ಕಿಂತ ಬಹಳ ಕಡಿಮೆ ಜನರಿಗೆ ಆಗುತ್ತದೆ, ಆದರೆ ಆದವರಿಗೆ ಕನ್ನಡಕವೂ ನೆರವಾಗದ ಸ್ಥಿತಿ. ಫ್ಲ್ಯಾಪಿನ ಕೆಳಗೆ ಕನಿಷ್ಠ 250 ಮೈಕ್ರಾನ್ ಉಳಿಸಬೇಕು ಎಂಬ ನಿಯಮ ಬಳಕೆಗೆ ಬಂದದ್ದು ಇದನ್ನು ತಪ್ಪಿಸಲು. ಆ ನಿಯಮ ಮಾತ್ರ ಸಾಲದು ಎನ್ನಲು ಒಂದು ಲೆಕ್ಕ ಸಾಕು. 490 ಮೈಕ್ರಾನ್ ಕಾರ್ನಿಯಾ, ಮೈನಸ್ ಒಂಬತ್ತು ನಂಬರು, ಆರೂವರೆ ಮಿಲಿಮೀಟರ್ ವೃತ್ತ ಎಂದಿಟ್ಟುಕೊಳ್ಳಿ. ಲೇಸರ್ ಸುಮಾರು 127 ಮೈಕ್ರಾನ್ ತೆಗೆಯುತ್ತದೆ, ಫ್ಲ್ಯಾಪ್ 110. ಕೆಳಗೆ ಉಳಿದದ್ದು 253, ನಿಯಮ ಪಾಸಾಯಿತು. ಆದರೆ ಕದಲಿಸಿದ ಪಾಲು ಮೂಲ ದಪ್ಪದ ಶೇ. 48. ಶೇ. 40 ದಾಟಿದರೆ ಅಪಾಯ ಹೆಚ್ಚು ಎಂದು ಈಚಿನ ಅಧ್ಯಯನಗಳು ತೋರಿಸಿವೆ. ಕಾರ್ನಿಯಾದ ಮುಂಭಾಗದ ಮೂರನೇ ಒಂದು ಪಾಲಿನಲ್ಲಿ ಕೊಲ್ಯಾಜೆನ್ ಹಾಳೆಗಳು ಚಾಪೆಯಂತೆ ಹೆಣೆದುಕೊಂಡು ಗಟ್ಟಿಯಾಗಿರುತ್ತವೆ, ಹಿಂಭಾಗ ಸಡಿಲ. ಲೇಸಿಕ್ ಕದಲಿಸುವುದು ಆ ಗಟ್ಟಿ ಪಾಲನ್ನೇ.

ದಪ್ಪದ ಲೆಕ್ಕ ಸರಿಯಿದ್ದೂ ಎಕ್ಟೇಸಿಯಾ ಆಗುವುದು ಮೊದಲೇ ಕೆರಟೊಕೋನಸ್ ಎಂಬ ಕಾಯಿಲೆಯ ಅಡಗಿದ ಬೀಜ ಇದ್ದವರಲ್ಲಿ. ಅದರಲ್ಲಿ ಕಾರ್ನಿಯಾ ತಾನಾಗಿಯೇ ತೆಳುವಾಗಿ ಕೋನಾಕಾರಕ್ಕೆ ತಿರುಗುತ್ತದೆ. ಮಧ್ಯಭಾರತದ ಹಳ್ಳಿಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನ, ಕಾರ್ನಿಯಾದ ಕಡಿದಾದ ತಿರುವನ್ನು ಅಳತೆಗೋಲಾಗಿಟ್ಟು, ಶೇ. 2.3 ಜನರಲ್ಲಿ ಇದರ ಲಕ್ಷಣ ಕಂಡಿತು. ಪಶ್ಚಿಮ ದೇಶಗಳ ಹಳೆಯ ಅಂದಾಜಿಗಿಂತ ಇದು ಎಷ್ಟೋ ಪಟ್ಟು ಹೆಚ್ಚು. ಧೂಳು, ಅಲರ್ಜಿ, ಕಣ್ಣು ಉಜ್ಜುವ ಚಟ ಇದಕ್ಕೆ ಗೊಬ್ಬರ. ಬೆಂಗಳೂರಿನಂಥ ಊರಿನಲ್ಲಿ ಅಲರ್ಜಿಯಿಂದ ಮಕ್ಕಳು ಮುಷ್ಟಿ ಒತ್ತಿ ಕಣ್ಣು ಉಜ್ಜಿಕೊಳ್ಳುವುದನ್ನು ಕಂಡವರಿಗೆ ಇದು ಹೊಸ ಸಂಗತಿ ಅಲ್ಲ. ಆದ್ದರಿಂದ ಇಲ್ಲಿ ಕಾರ್ನಿಯಾದ ಹಿಂಬದಿಯ ನಕ್ಷೆಯನ್ನೂ ತೆಗೆದು ನೋಡದೆ ಲೇಸರ್ ಮಾಡುವುದು ವೈದ್ಯಕೀಯ ಅಲ್ಲ, ಜೂಜು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅದನ್ನು ವಾರವೋ ಎರಡು ವಾರವೋ ಮುಂಚೆ ಬಿಟ್ಟಿರಬೇಕು. ಲೆನ್ಸಿನ ಒತ್ತಡಕ್ಕೆ ಸೊಟ್ಟಾದ ಮೇಲ್ಮೈಯ ನಕ್ಷೆ ಸುಳ್ಳು ಹೇಳುತ್ತದೆ. ಪರೀಕ್ಷೆ ಮಾಡಿ ‘ನಿಮಗೆ ಆಗುವುದಿಲ್ಲ’ ಎಂದು ವಾಪಸು ಕಳಿಸಿದ ವೈದ್ಯರನ್ನು ಬೈದುಕೊಂಡು ಇನ್ನೊಂದು ಕಡೆ ಹೋಗುವವರಿದ್ದಾರೆ. ನಂಬಬೇಕಾದದ್ದು ಆ ಮೊದಲ ವೈದ್ಯರನ್ನೇ.

ಎಲ್ಲ ಸರಿಯಾಗಿ ನಡೆದ ಕಣ್ಣಿನಲ್ಲೂ ಎರಡು ಪರಿಣಾಮ ಉಳಿಯುತ್ತವೆ, ಅವು ಕಾಣಿಸಿಕೊಳ್ಳುವುದು ದಶಕಗಳ ನಂತರ. ಮೊದಲನೆಯದು ಗ್ಲಾಕೋಮಾದ್ದು, ಅಂದರೆ ಕಣ್ಣಿನೊಳಗಿನ ಒತ್ತಡಕ್ಕೆ ದೃಷ್ಟಿನರ ಹಾಳಾಗುವ ಕಾಯಿಲೆಯದು. ಕಣ್ಣಿನ ಒತ್ತಡ ಅಳೆಯುವ ಗೋಲ್ಡ್‌ಮನ್ ಉಪಕರಣ ಕಾರ್ನಿಯಾವನ್ನು ಒತ್ತಿ ಚಪ್ಪಟೆ ಮಾಡಲು ಬೇಕಾದ ಬಲವನ್ನು ನೋಡುತ್ತದೆ. ಅದರ ಲೆಕ್ಕ ನಿಂತಿರುವುದು 520 ಮೈಕ್ರಾನಿನ ಆಸುಪಾಸಿನ ಕಾರ್ನಿಯಾದ ಮೇಲೆ. ಲೇಸರ್ ಆದ ತೆಳು ಕಾರ್ನಿಯಾ ಸುಲಭವಾಗಿ ಬಗ್ಗುತ್ತದೆ, ಒತ್ತಡ ಇದ್ದದ್ದಕ್ಕಿಂತ ಕಡಿಮೆ ಎಂದು ತೋರುತ್ತದೆ. ಸಮೀಪದೃಷ್ಟಿಯವರಿಗೆ ಗ್ಲಾಕೋಮಾದ ಅಪಾಯ ಹೇಗೂ ಹೆಚ್ಚು. ಕನ್ನಡಕ ಇಲ್ಲದ ಮುಖ ನೋಡಿ ವೈದ್ಯರಿಗೆ ಅನುಮಾನವೂ ಬರುವುದಿಲ್ಲ. ಉದ್ದವಾದ ಕಣ್ಣುಗುಡ್ಡೆಯ ಹಿಂದೆ ಎಳೆದು ತೆಳುವಾದ ಅಕ್ಷಿಪಟಲ ಕೂಡ ಲೇಸರಿನ ನಂತರ ಹಾಗೆಯೇ ಇರುತ್ತದೆ. ಹರಿಯುವ ಅಪಾಯ ಮೊದಲಿನಷ್ಟೇ.

ಎರಡನೆಯದು ಪೊರೆ ಆಪರೇಷನ್ನಿನದು. ಅರವತ್ತರ ಆಸುಪಾಸಿನಲ್ಲಿ ಕಣ್ಣಿನ ಪೊರೆ ತೆಗೆದು ಕೃತಕ ಲೆನ್ಸ್ ಕೂರಿಸುವಾಗ ಅದರ ಶಕ್ತಿಯನ್ನು ಕಣ್ಣಿನ ಉದ್ದ ಮತ್ತು ಕಾರ್ನಿಯಾದ ವಕ್ರತೆಯಿಂದ ಲೆಕ್ಕ ಹಾಕುತ್ತಾರೆ. ವಕ್ರತೆ ಅಳೆಯುವ ಸಾಮಾನ್ಯ ಉಪಕರಣ ಮುಂಭಾಗವನ್ನು ನೋಡಿ, ಹಿಂಭಾಗ ಅದಕ್ಕೆ ತಕ್ಕ ಪ್ರಮಾಣದಲ್ಲೇ ಇದೆ ಎಂದು ಊಹಿಸುತ್ತದೆ. ಲೇಸರ್ ಆದ ಕಣ್ಣಿನಲ್ಲಿ ಮುಂಭಾಗ ಬದಲಾಗಿ ಹಿಂಭಾಗ ಹೆಚ್ಚುಕಡಿಮೆ ಹಾಗೇ ಉಳಿದಿರುತ್ತದೆ. ಊಹೆ ತಪ್ಪಿ ಕಾರ್ನಿಯಾದ ಶಕ್ತಿ ಇದ್ದದ್ದಕ್ಕಿಂತ ಹೆಚ್ಚು ಎಂದು ಲೆಕ್ಕ ಬರುತ್ತದೆ. ಚಪ್ಪಟೆ ಕಾರ್ನಿಯಾ ಕಂಡು ಕೆಲವು ಸೂತ್ರಗಳು ಲೆನ್ಸ್ ಕೂರುವ ಜಾಗವನ್ನೂ ತಪ್ಪಾಗಿ ಅಂದಾಜಿಸುತ್ತವೆ. ಎರಡೂ ತಪ್ಪು ಒಂದೇ ದಿಕ್ಕಿನವು: ಕಡಿಮೆ ಶಕ್ತಿಯ ಲೆನ್ಸ್ ಒಳಗೆ ಹೋಗಿ, ಪೊರೆ ತೆಗೆಸಿದವರು ದೂರಕ್ಕೂ ಹತ್ತಿರಕ್ಕೂ ಪ್ಲಸ್ ಕನ್ನಡಕ ಹಾಕಬೇಕಾಗುತ್ತದೆ. ಇದಕ್ಕಾಗಿಯೇ ರೂಪಿಸಿದ ಬೇರೆ ಸೂತ್ರಗಳು ಈಗ ಇವೆ. ಅವನ್ನು ಬಳಸಬೇಕಾದರೆ ಈ ಕಣ್ಣಿಗೆ ಹಿಂದೆ ಲೇಸರ್ ಆಗಿದೆ ಎಂಬುದು ವೈದ್ಯರಿಗೆ ಗೊತ್ತಿರಬೇಕು. ಆಗ ಎಷ್ಟು ನಂಬರಿತ್ತು, ವಕ್ರತೆ ಎಷ್ಟಿತ್ತು, ದಪ್ಪ ಎಷ್ಟಿತ್ತು ಎಂದು ತಿಳಿದರೆ ಲೆಕ್ಕ ಇನ್ನೂ ಗಟ್ಟಿ.

ಭಾರತದಲ್ಲಿ 1990ರ ದಶಕದ ಕೊನೆಯಲ್ಲಿ ಲೇಸಿಕ್ ಮಾಡಿಸಿಕೊಂಡವರು ಈಗ ಆ ವಯಸ್ಸಿನ ಹತ್ತಿರ ಬರುತ್ತಿದ್ದಾರೆ. ಅವರಲ್ಲಿ ಎಷ್ಟೋ ಮಂದಿಗೆ ತಮ್ಮ ಹಳೆಯ ನಂಬರು ನೆನಪಿಲ್ಲ, ಆಸ್ಪತ್ರೆ ಬದಲಾಗಿದೆ, ಊರೂ ಬದಲಾಗಿದೆ. ಲೇಸರ್ ಮಾಡಿಸಿಕೊಂಡವರೂ ಮಾಡಿಸಿಕೊಳ್ಳಲು ಹೊರಟವರೂ ಆಪರೇಷನ್ನಿಗೆ ಮುಂಚಿನ ಟೊಪೊಗ್ರಫಿ ನಕ್ಷೆ, ನಂಬರಿನ ಚೀಟಿ, ಎಷ್ಟು ಮೈಕ್ರಾನ್ ತೆಗೆಯಲಾಯಿತು ಎಂಬ ಹಾಳೆ, ಈ ಮೂರನ್ನೂ ಆಸ್ಪತ್ರೆಯಿಂದ ಕೇಳಿ ಪಡೆದು ಮನೆಪತ್ರಗಳ ಜೊತೆ ಇಟ್ಟುಕೊಳ್ಳಬೇಕು. ಮುಂದೆ ಯಾವ ಕಣ್ಣಿನ ವೈದ್ಯರ ಮುಂದೆ ಕೂತರೂ ಮೊದಲು ಅದನ್ನೇ ಮೇಜಿನ ಮೇಲಿಡಬೇಕು.